ಹಠವಲ್ಲ, ಹಸಿದ ಮಿದುಳು

ಮದ್ದೂರು ತಾಲ್ಲೂಕಿನ ಶಿವಪುರಕ್ಕೆ ಹಠವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ, 1938ರ ಏಪ್ರಿಲ್‌ನಲ್ಲಿ, ನಿಷೇಧ ಮೀರಿ ಬಾವುಟ ಹಾರಿಸಿದ ಊರು ಅದು. ಅದು ತಿಳಿದು ಹಿಡಿದ ಹಠ. ಹದಿಹರೆಯದ ಮಗಳು ತಟ್ಟೆ ಸರಿಸಿದಾಗಲೂ ನಾವು ‘ಎಷ್ಟು ಹಠ ಇವಳಿಗೆ’ ಅನ್ನುತ್ತೇವೆ. ಆದರೆ ಅದು ಕಾಯಿಲೆಯೂ ಆಗಿರಬಹುದು. ವೈದ್ಯರು ಅದನ್ನು ಅನೊರೆಕ್ಸಿಯಾ ನರ್ವೋಸಾ ಎನ್ನುತ್ತಾರೆ. ಗಂಡುಮಕ್ಕಳಿಗೂ ಬರುತ್ತದೆ.

ಇಂಥ ಮನೆಯ ಊಟದ ಹೊತ್ತನ್ನು ನೆನೆಸಿಕೊಳ್ಳಿ. ತಾಯಿ ಮುದ್ದೆ, ಸೊಪ್ಪಿನ ಸಾರು ಬಡಿಸಿದ್ದಾರೆ. ಮಗಳು ಮುದ್ದೆಯನ್ನು ಕಡಲೆಕಾಳಿನಷ್ಟೇ ಮುರಿಯುತ್ತಾಳೆ. ಒಗ್ಗರಣೆಯ ಎಣ್ಣೆಯನ್ನು ಬೆರಳಲ್ಲಿ ಅಂಚಿಗೆ ತಳ್ಳುತ್ತಾಳೆ. ಅರ್ಧ ಗಂಟೆ ಕಳೆದರೂ ಮುದ್ದೆ ಕರಗಿಲ್ಲ. ಕೆಲವರು ‘ದಪ್ಪ ಆಗ್ತೀನಿ’ ಅನ್ನುತ್ತಾರೆ. ನಮ್ಮ ದೇಶದ ವೈದ್ಯರು ಕಂಡ ಕೆಲವರು ‘ಹೊಟ್ಟೆ ತುಂಬಿದೆ, ಸೇರಲ್ಲ’ ಅಂತಷ್ಟೇ ಅನ್ನುತ್ತಾರೆ. ಇದು ಹೊರದೇಶದ ಕಾಯಿಲೆಯೆಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ 66 ಮನೋವೈದ್ಯರನ್ನು ವಿಚಾರಿಸಿದ ಒಂದು ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ವೈದ್ಯರು ಆಹಾರಸೇವನೆಯ ಇಂಥ ಕಾಯಿಲೆ ಕಂಡಿದ್ದರು.

ಹಸಿವು ಮಿದುಳನ್ನೇ ಬದಲಿಸುತ್ತದೆ. 1944–45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರಿಗೆ ದಿನವಿಡೀ ಊಟದ್ದೇ ಧ್ಯಾನ, ಸಿಡುಕು. ಬೇರೆ ಕೆಲಸಕ್ಕೆ ಮನಸ್ಸು ನಿಲ್ಲುತ್ತಿರಲಿಲ್ಲ. ಅನೊರೆಕ್ಸಿಯಾದಲ್ಲೂ ಯೋಚನೆ ಒಂದೇ ಜಾಡಿಗೆ ಬೀಳುತ್ತದೆ. ಸಣ್ಣ ವಿವರ ಕಾಣುತ್ತದೆ, ಇಡೀ ಚಿತ್ರ ಕಾಣುವುದಿಲ್ಲ. ಎಲ್ಲ ಮಕ್ಕಳಲ್ಲೂ ಇದು ಒಂದೇ ಪ್ರಮಾಣದಲ್ಲಿರುವುದಿಲ್ಲ. ಹಸಿವಿನಿಂದ ಕುಗ್ಗಿದ ಮಿದುಳು ತೂಕ ಮರಳಿದಂತೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ.

ಹಾಗಾಗಿ ಊಟವೇ ಮೊದಲ ಮದ್ದು. ಮಕ್ಕಳಿಗೆ ಹೆಚ್ಚು ಆಧಾರವಿರುವ ಚಿಕಿತ್ಸೆಯಲ್ಲಿ ತಂದೆತಾಯಿಯೇ ಕೆಲಕಾಲ ಊಟದ ಹೊಣೆ ಹೊರುತ್ತಾರೆ. ತೂಕ ಕೂಡಿದ ಮೇಲೆ ಆ ಹೊಣೆಯನ್ನು ಮೆಲ್ಲಗೆ ಮಗುವಿಗೆ ಮರಳಿಸುತ್ತಾರೆ. ಜೊತೆಗೆ ಯೋಚನೆಯನ್ನು ಸಡಿಲಿಸುವ ಅಭ್ಯಾಸಗಳೂ ಉಂಟು. ಒಂದು ಚಿತ್ರವನ್ನು ಮಾತಲ್ಲೇ ವಿವರಿಸಿ ಇನ್ನೊಬ್ಬರಿಂದ ಬರೆಸುವುದು ಅದರಲ್ಲೊಂದು. ಗೆರೆ ಗೆರೆ ಹೇಳುತ್ತಿದ್ದ ಹುಡುಗಿ ಒಂದು ದಿನ ‘ಮೊದಲು ದೊಡ್ಡ ಚೌಕ ಬರೀರಿ’ ಅಂದರೆ, ಅದು ಹೊಸ ದಾರಿ ತೆರೆದ ಗುರುತು.

ತೂಕ ಇಳಿಯುತ್ತಿದ್ದರೆ, ಮುಟ್ಟು ನಿಂತರೆ, ಕೈಕಾಲು ತಣ್ಣಗಾದರೆ, ತಲೆಸುತ್ತು ಬಂದರೆ ತಡಮಾಡಬೇಡಿ, ವೈದ್ಯರಿಗೆ ತೋರಿಸಿ. ಬಹಳ ದಿನ ಹಸಿದ ದೇಹಕ್ಕೆ ಏಕಾಏಕಿ ಹೊಟ್ಟೆತುಂಬ ತಿನ್ನಿಸುವುದೂ ಅಪಾಯ. ಅದಕ್ಕೆ ವೈದ್ಯರ ನಿಗಾ ಬೇಕು. ಮನಸ್ಸಿನ ಆರೋಗ್ಯಕ್ಕೆ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಇವತ್ತು ರಾತ್ರಿ ತಟ್ಟೆಯ ಮುಂದೆ ಬೈಗುಳ ಬೇಡ. ‘ಇದು ನಿನ್ನ ತಪ್ಪಲ್ಲ ಕಣವ್ವ, ಊಟ ಮುಗಿಯೋವರೆಗೂ ನಾನಿಲ್ಲೇ ಕೂತಿರ್ತೀನಿ’ ಅನ್ನಿ. ಅಂದ ಮೇಲೆ ಪಕ್ಕದಲ್ಲಿ ಕೂತುಬಿಡಿ.