ಎರಡು ಹೌದಗಳ ಬ್ಯಾಟರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದ ಬಂದಿರುವ ರೈತ ಬಾಂಧವರೇ, ಈ ಮುದುಕ ಮಾತು ಯಾವಾಗ ಮುಗಿಸ್ತಾನೋ ಎಂದು ಮಾದರಿಗಳ ಹಿಂದೆ ಕಾಯುತ್ತಿರುವ ಮಕ್ಕಳೇ,

ಇಂಧನ ಪ್ರದರ್ಶನದ ಎಲ್ಲ ಮಳಿಗೆಗಳ ಬಗ್ಗೆ ಹೇಳುವಷ್ಟು ತಿಳಿದವನಲ್ಲ ನಾನು. ರಸಾಯನಶಾಸ್ತ್ರ ಕಲಿಸಿದವನು, ಕಬ್ಬಿನ ಪಡದಲ್ಲಿ ಬೆಳೆದವನು. ಅಷ್ಟೇ ನನ್ನ ಬಂಡವಾಳ.

ನಾನು ಹುಡುಗನಿದ್ದಾಗ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಬರುತ್ತಿದ್ದುದೇ ನಡುರಾತ್ರಿ. "ತಮ್ಮಾ ಏಳೋ, ಲೈನ್ ಬಂತು" ಅಂತ ಅಪ್ಪ ಎಬ್ಬಿಸುತ್ತಿದ್ದರು. ಅವರು ನೀರು ತಿರುವಬೇಕು, ನಾನು ಬ್ಯಾಟರಿ ಹಿಡಿಯಬೇಕು. ಒಂದು ರಾತ್ರಿ ಒಡ್ಡಿನ ಮೇಲೆ ಹಗ್ಗ ಬಿದ್ದಿದೆ ಅಂದುಕೊಂಡೆ. ಬೆಳಕು ಬಿದ್ದೊಡನೆ ಹಗ್ಗ ಸರಸರ ಹರಿದುಹೋಯಿತು. ಎರಡು ಸೆಲ್ಲಿನ ಆ ಟಾರ್ಚೇ ನಾನು ಕಂಡ ಮೊದಲ ಬ್ಯಾಟರಿ.

ಒಳಗೆ ಮಕ್ಕಳು ಮಾಡಿಟ್ಟಿರುವುದು ಫ್ಲೋ ಬ್ಯಾಟರಿ. ಎರಡು ಹೌದ, ಎರಡು ಪಂಪು, ನಡುವೆ ಪೊರೆ ಇರುವ ಸೆಲ್ಲು. ದೊಡ್ಡ ಸ್ಥಾವರಗಳ ಹೌದದಲ್ಲಿ ಆಮ್ಲದಲ್ಲಿ ಕರಗಿದ ವೆನೆಡಿಯಂ ಇರುತ್ತದೆ. 1980ರ ದಶಕದಲ್ಲಿ ಈ ವೆನೆಡಿಯಂ ಬ್ಯಾಟರಿಯನ್ನು ರೂಪಿಸಿದವರು ಆಸ್ಟ್ರೇಲಿಯಾದ ಮರಿಯಾ ಸ್ಕಿಲ್ಲಾಸ್-ಕಜಾಕೋಸ್. ನೀರು ಎಷ್ಟು ಜೋರು ಅನ್ನೋದು ಮೋಟರಿನ ಎಚ್.ಪಿ., ಎಷ್ಟು ತಾಸು ಅನ್ನೋದು ಬಾವಿ, ಇದು ನಿಮಗೆ ಗೊತ್ತು. ಇಲ್ಲಿಯೂ ಹಾಗೇ: ಜೋರು ಸೆಲ್ಲಿನದು, ತಾಸು ಹೌದದ್ದು. ಚೀನಾದ ದಾಲಿಯನ್‌ನಲ್ಲಿ 2022ರಿಂದ ಇಂಥದ್ದೊಂದು 100 ಮೆಗಾವಾಟನ್ನು ನಾಲ್ಕು ತಾಸು ಕೊಡಬಲ್ಲದು.

ವೆನೆಡಿಯಂ ದುಬಾರಿ. ತುಂಬಿದ ಕರೆಂಟಿನಲ್ಲಿ ಹೆಚ್ಚುಕಡಿಮೆ ಕಾಲುಭಾಗ ದಾರಿಯಲ್ಲೇ ಸೋರುತ್ತದೆ. ಅದಕ್ಕೇ ನನ್ನ ಹಟ ಒಂದೇ: ಹೊಲಕ್ಕೆ ಬ್ಯಾಟರಿ ಬೇಡ. ಪಾವಗಡದಲ್ಲಿ 2050 ಮೆಗಾವಾಟ್ ಸೋಲಾರ್ ಕಟ್ಟಿದ ರಾಜ್ಯ ಇದು. ಬಿಸಿಲಿನ ಕರೆಂಟನ್ನು ಬಿಸಿಲಲ್ಲೇ ಪಂಪ್‌ಸೆಟ್ಟಿಗೆ ಕೊಡಿ. ಕೂಡಿಟ್ಟು, ಕಾಲುಭಾಗ ಕಳೆದು, ಮತ್ತೆ ರೈತನನ್ನು ನಡುರಾತ್ರಿ ಎಬ್ಬಿಸಬೇಡಿ. ಉಳಿದದ್ದನ್ನು ಹೌದಕ್ಕೆ ತುಂಬಿ, ಸಂಜೆಗೆ ಊರಿಗೆ ಬಿಡಿ. ನಮ್ಮ ಸಕ್ಕರೆ ಕಾರ್ಖಾನೆಗಳ ಬಗಾಸಿನ, ಅಂದರೆ ಕಬ್ಬಿನ ಸಿಪ್ಪೆಯ, ಕರೆಂಟು ಹಂಗಾಮಿನದು. ಚಿಮಣಿ ಆರಿದ ಮೇಲೆ ಬೇಸಿಗೆಯ ಸಂಜೆ ಕಾಯುವವರು ಬೇಕಲ್ಲ.

ಅಪ್ಪನ ಟಾರ್ಚು ಇನ್ನೂ ಮನೆಯಲ್ಲಿದೆ. 'ಹಿಂದಿನ ಕಾಲದ್ದು' ಎಂದು ಚೀಟಿ ಅಂಟಿಸಿ ಇಲ್ಲಿಡಲು ತರುವವನಿದ್ದೆ. ನಿನ್ನೆ ರಾತ್ರಿ ಅಣ್ಣನ ಮಗ ಅದನ್ನೇ ಹಿಡಿದು ಹೊಲಕ್ಕೆ ಹೋದ.

ಪ್ರದರ್ಶನ ಉದ್ಘಾಟನೆ ಆಯಿತು. ಮಕ್ಕಳೇ, ಪಂಪು ಚಾಲೂ ಮಾಡಿ.