ಕಾಣದ ನೋವು
(ಶ್ರೀಮಠದ ಸುವರ್ಣಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಹಿರಿಯರೆಲ್ಲರೂ ಚಾಪೆಯ ಮೇಲೆ ಕುಳಿತಿರಲು ನಾನೊಬ್ಬನೇ ಗೋಡೆಯ ಬಳಿ ನಿಂತಿದ್ದುದನ್ನು ತಾವು ನೋಡಿರಬಹುದು. ಗರ್ವವೆಂದು ಭಾವಿಸಬಾರದು. ಸೊಂಟದಲ್ಲಿ ಹುಟ್ಟಿ ಎಡಗಾಲಿಗೆ ಇಳಿಯುವ ನೋವೊಂದು 11 ವರ್ಷಗಳಿಂದ ನನ್ನ ಸಂಗಡವಿದೆ. ಗಾಯವಿಲ್ಲ, ಬಾವಿಲ್ಲ, ಆದಕಾರಣ ನೋಡುವವರಿಗೆ ಅದು ಕಾಣದು.

ಈ ನೋವು ಬರುವುದಕ್ಕೆ ಮುಂಚೆ ನಾನೂ ಹಾಗೆ ಕಾಣದವನೇ ಆಗಿದ್ದೆನು. ಪಾಠಶಾಲೆಯಲ್ಲಿ ಒಬ್ಬ ವಟುವು ಇಷ್ಟಲಿಂಗಪೂಜೆಯ ವೇಳೆಯಲ್ಲಿ ಪದೇಪದೇ ಕಾಲು ಚಾಚುತ್ತಿದ್ದನು. ಮೊಳಕಾಲು ನೋಯುವುದೆಂದು ಒಮ್ಮೆ ಹೇಳಿದನು. ಹಿಂದಿನ ಸಂಜೆ ಅವನು ಅಂಗಳದಲ್ಲಿ ಓಡಿದ್ದನ್ನು ಕಂಡಿದ್ದ ನಾನು, ಅದು ಸುಳ್ಳುನೋವೆಂದು ಎಲ್ಲರ ಮುಂದೆ ಗದರಿದೆನು. ಅವನು ಮತ್ತೆಂದೂ ನೋವಿನ ಮಾತೆತ್ತಲಿಲ್ಲ. ರಜೆಗೆ ಊರಿಗೆ ಹೋದವನು ಹಿಂದಿರುಗಲೂ ಇಲ್ಲ. ಆ ಋಣವು ನನ್ನ ಮೇಲಿದೆ.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಯ ನಾಲ್ಕು ಗುಣಗಳಲ್ಲಿ ಅಂಜದಿರುವುದೊಂದು, ತನ್ನ ರೋಗವನ್ನು ತಿಳಿಯಪಡಿಸುವುದೊಂದು. ಪರಿಚಾರಕನ ಗುಣಗಳಲ್ಲಿ ಅನುರಾಗವೊಂದು. ಇದನ್ನು ಓದಿದ್ದರೂ ನಾನು ಅರಿತಿರಲಿಲ್ಲ. ಹೇಳಿಕೊಳ್ಳುವವನಲ್ಲಿ ಅಂಜಿಕೆ ಹುಟ್ಟಿಸಿದರೆ ಚಿಕಿತ್ಸೆಯ ಒಂದು ಪಾದವನ್ನೇ ಮುರಿದಂತಾಯಿತು.

ಇಂದಿನ ವೈದ್ಯರು 3 ತಿಂಗಳು ಮೀರಿದ ನೋವನ್ನು ದೀರ್ಘಕಾಲದ ನೋವೆಂದು ಎಣಿಸುತ್ತಾರೆ. ಗಾಯವು ಮಾಗಿದ ಮೇಲೂ ನರಗಳು ನೋವನ್ನು ಸಾರುತ್ತಲೇ ಇರಬಹುದೆಂದು ತಿಳಿಸುತ್ತಾರೆ. ನೋವನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ಲಕ್ಷಣವಾಕ್ಯವನ್ನು ಪರಿಷ್ಕರಿಸಿದಾಗ, ನೋವಿದೆಯೆಂದು ಹೇಳುವವರ ಮಾತನ್ನು ಗೌರವಿಸಬೇಕೆಂದು ಅದರೊಡನೆ ಸೇರಿಸಿತು.

ಬಂದುದನ್ನು ಪ್ರಸಾದವೆಂದು ಶರಣನು ಮೌನವಾಗಿ ಸಹಿಸಬೇಡವೇ ಎಂದು ಕೆಲವರು ಕೇಳುವರು. ತನ್ನ ನೋವನ್ನು ಪ್ರಸಾದವೆಂದು ಕೈಗೊಳ್ಳುವುದು ನೊಂದವನ ನಿಷ್ಠೆ. ಆ ಮಾತನ್ನೇ ಬೋಧಿಸಿ ಇನ್ನೊಬ್ಬನ ಬಾಯಿ ಮುಚ್ಚಿಸುವ ಅಧಿಕಾರವು ನಮಗಿಲ್ಲ.

ನೊಂದವರಲ್ಲಿ ನನ್ನದೊಂದು ಬಿನ್ನಹ. ಬಹಳ ನೋವೆಂದಷ್ಟೇ ಹೇಳಿದರೆ ಕೇಳುವವರಿಗೆ ತಿಳಿಯದು. 'ಒಂದು ಗಳಿಗೆ ಕುಳಿತರೆ ಕಾಲು ಮರಗಟ್ಟುವುದು, ಎದ್ದು ನಾಲ್ಕು ಹೆಜ್ಜೆ ನಡೆದರೆ ಸಡಿಲವಾಗುವುದು' ಎಂದರೆ ತಿಳಿಯುವುದು. ಕೇಳುವವರಲ್ಲಿಯೂ ಒಂದು ಬಿನ್ನಹ. ನಿನ್ನೆ ಓಡಿದವನು ಇಂದು ಕೂರಲಾರೆನೆಂದರೆ ಕಪಟವೆನ್ನಬೇಡಿರಿ. ಏರಿಳಿಯುವುದು ಈ ನೋವಿನ ಸ್ವಭಾವ. 'ಎಲ್ಲಿ, ತೋರಿಸು' ಎನ್ನುವುದಕ್ಕೆ ಮುಂಚೆ 'ನಿನಗೆ ಹೇಗೆ ಅನುಕೂಲ?' ಎಂದು ಕೇಳಿರಿ.

ಈ ಮಹೋತ್ಸವದ ನೆನಪಿಗಾಗಿ ಪೂಜಾಮಂಟಪದಲ್ಲಿಯೂ ದಾಸೋಹದ ಪಂಕ್ತಿಯಲ್ಲಿಯೂ ಗೋಡೆಯ ಬದಿಗೆ ಕೆಲವು ಬೆಂಚುಗಳನ್ನು ಇಡಿಸಬೇಕೆಂದು ಶ್ರೀಗಳಲ್ಲಿ ಬೇಡಿಕೊಳ್ಳುವೆನು. ಅಲ್ಲಿ ಕುಳಿತವರನ್ನು ಯಾರೂ ಕಾರಣ ಕೇಳದಿರಲಿ. ಆ ವಟುವು ಎಂದಾದರೂ ಶ್ರೀಮಠಕ್ಕೆ ಬಂದರೆ ಅವನಿಗೂ ಅಲ್ಲಿ ಸ್ಥಳವಿರಲಿ.