ನನ್ನ ಅಳತೆಯ ಕವಚ

ನನ್ನ ಬಲ ಮೊಣಕೈಯ ಮೇಲೆ ಎರಡಂಗುಲದ ಗಾಯದ ಗುರುತೊಂದಿದೆ. ಯಾರಾದರೂ ಕೇಳಿದರೆ 'ತಮ್ಮನ ಜಾಕೆಟಿನ ಕಾಣಿಕೆ' ಎನ್ನುತ್ತೇನೆ. ಸಾಗರದ ಮನೆಯಿಂದ ನಾನು ಪಾಠ ಹೇಳುವ ಊರಿಗೆ ಮೋಟಾರ್ ಸೈಕಲ್ಲಿನಲ್ಲಿ ಹೋಗಿಬರತೊಡಗಿದ ಮೊದಲ ಮಳೆಗಾಲದ ಮಾತು. ನಾಟಿಯ ಕಾಲ. ಗದ್ದೆಯಿಂದ ಏರಿಬಂದ ಟ್ರ್ಯಾಕ್ಟರುಗಳು ಆನಂದಪುರದ ಬಳಿ ಡಾಂಬರಿನ ಮೇಲೆ ಕೆಸರು ಬಳಿದು ಹೋಗಿದ್ದವು. ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ವೇಗ ಗಂಟೆಗೆ 30 ಕಿಲೋಮೀಟರನ್ನು ಮೀರಿರಲಾರದು.

ತಲೆಯ ಮೇಲೆ ಹೆಲ್ಮೆಟ್ ಇತ್ತು, ಮೈಮೇಲೆ ಜಾಕೆಟ್ ಇತ್ತು, ಜಾಕೆಟಿನ ಮೊಣಕೈಯಲ್ಲಿ ಪ್ಯಾಡೂ ಇತ್ತು. ಆದರೆ ಜಾಕೆಟ್ ತಮ್ಮನದು. ಭುಜ ಅಗಲ, ತೋಳು ಉದ್ದ. ನೆಲದ ಮೇಲೆ ಜಾರುವಾಗ ಸಡಿಲವಾದ ತೋಳು ತಿರುಚಿಕೊಂಡು ಪ್ಯಾಡು ಮುಂಗೈಯ ಒಳಬದಿಗೆ ಸರಿದುಬಿಟ್ಟಿತು. ಮೂಳೆ ಬಿರಿಯಿತು. ಮನೆಯಲ್ಲಿ ಎಲ್ಲರೂ ಗಾಡಿಯನ್ನು ಬೈದರು, ಅತ್ತೆಯವರು ಮಾತ್ರ ಬೇರೆಯದನ್ನೇ ಕೇಳಿದರು: "ಇನ್ನೊಬ್ಬರ ಅಳತೆಯ ರವಿಕೆ ತೊಟ್ಟು ನೀನು ಮದುವೆಮನೆಗೂ ಹೋಗುವವಳಲ್ಲ. ಇದನ್ನು ಹೇಗೆ ತೊಟ್ಟೆ ಮಾರಾಯ್ತಿ?"

ಶ್ರೋತೃಗಳೆ, ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಕೈ ವಾಸಿಯಾದ ಮೇಲೆ ಅಂಗಡಿಗೆ ಹೋದೆ. ಹೆಂಗಸರದೆಂದು ತೋರಿಸಿದ್ದು ಗಂಡಸರ ಜಾಕೆಟಿನ ಸಣ್ಣ ಅಳತೆಯೇ. ತೋಳಿನ ಮೇಲೆ ಗುಲಾಬಿ ಬಣ್ಣದ ಗೆರೆಯೊಂದು ಹೆಚ್ಚು, ಅಷ್ಟೆ. ನಮ್ಮ ಭುಜ ಕಿರಿದು, ಸೊಂಟದ ಕೆಳಗೆ ಅಗಲ. ಭುಜಕ್ಕೆ ಒಪ್ಪಿದ್ದು ಸೊಂಟದಲ್ಲಿ ಬಿಗಿದು ಮೇಲೇರುತ್ತದೆ, ಬೆನ್ನು ಬಯಲಾಗುತ್ತದೆ. ಸೊಂಟಕ್ಕೆ ಒಪ್ಪಿದ್ದು ಭುಜದಲ್ಲಿ ಜೋಲುತ್ತದೆ. ಹೆಣ್ಣಿನ ಮೈಗೆಂದೇ ಕತ್ತರಿಸಿ ಹೊಲಿದ ಉಡುಪು ಈಗ ದೊರೆಯುತ್ತದೆ; ಅದಕ್ಕಾಗಿ ಒಂದೆರಡು ಅಂಗಡಿ ಹೆಚ್ಚು ಹತ್ತಿಳಿಯಬೇಕು.

ಕನ್ನಡಿಯ ಮುಂದೆ ನಿಂತು ನೋಡಿದರೆ ಏನೂ ತಿಳಿಯದು. ಗಾಡಿಯ ಮೇಲೆ ಕುಳಿತು, ಹ್ಯಾಂಡಲ್ ಹಿಡಿದಂತೆ ಕೈ ಚಾಚಬೇಕು. ಆಗ ತೋಳು ಮಣಿಕಟ್ಟಿನಿಂದ ಮೇಲೆ ಸರಿಯಬಾರದು, ಬೆನ್ನು ಕಾಣಬಾರದು. ಇನ್ನೊಬ್ಬರು ಮೊಣಕೈಯ ಪ್ಯಾಡನ್ನು ಹಿಡಿದು ತಿರುಗಿಸಲಿ. ಅದು ಸುಲಭವಾಗಿ ತಿರುಗಿದರೆ ಬೆಲೆ ಎಷ್ಟೇ ಆಗಿರಲಿ, ಆ ಜಾಕೆಟನ್ನು ಅಲ್ಲಿಯೇ ಬಿಟ್ಟು ಬನ್ನಿ. ಪ್ಯಾಂಟಿನ ಮಂಡಿಪ್ಯಾಡು ನಿಂತಾಗ ಕೊಂಚ ಕೆಳಗಿದ್ದಂತೆ ಕಂಡೀತು. ಕಾಲು ಮಡಿಸಿದಾಗ ಚಿಪ್ಪಿನ ಮೇಲೆ ಕುಳಿತರೆ ಸರಿ. ಜಾಕೆಟನ್ನೂ ಪ್ಯಾಂಟನ್ನೂ ಸೇರಿಸುವ ಜಿಪ್ಪು ಇದ್ದರೆ ಮೇಲು.

ಇನ್ನು ಒಳಗಿನ ಚೀಟಿ. ಯುರೋಪಿನ ಇ.ಎನ್. 17092 ಎಂಬ ಮಾನಕವು ಸವಾರಿಯ ಉಡುಪನ್ನು ಎ.ಎ.ಎ., ಎ.ಎ., ಎ. ಎಂದು ಇಳಿಮುಖವಾಗಿ ವಿಂಗಡಿಸುತ್ತದೆ. ಬಿ. ದರ್ಜೆಯದು ಉಜ್ಜಾಟವನ್ನು ತಡೆದೀತು, ಅದರಲ್ಲಿ ಪ್ಯಾಡ್ ಇರಬೇಕೆಂದಿಲ್ಲ, ಸಿ. ದರ್ಜೆಯದು ಪ್ಯಾಡನ್ನು ಹಿಡಿದಿಡುವ ಬಲೆ ಮಾತ್ರ. ಕೈಕಾಲಿನ ಪ್ಯಾಡುಗಳಿಗೆ ಇ.ಎನ್. 1621-1. ಒಂದೇ ಪೆಟ್ಟನ್ನು ಕೊಟ್ಟಾಗ ಒಂದನೆಯ ಮಟ್ಟದ ಪ್ಯಾಡು ಒಳಗೆ ಬಿಡುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಎರಡನೆಯ ಮಟ್ಟದ್ದು 20. ಬಹಳ ಜಾಕೆಟುಗಳ ಬೆನ್ನಿನಲ್ಲಿ ಇರುವುದು ಬರಿಯ ಸ್ಪಂಜಿನ ತುಂಡು. ಅದನ್ನು ತೆಗೆದು ನಿಜವಾದ ಪ್ಯಾಡು ಹಾಕಿಸಿಕೊಳ್ಳಬೇಕು.

ಹೆಲ್ಮೆಟ್ಟಿನ ಹಿಂದೆ ಒಬ್ಬ ಬರೆಹಗಾರನ ಸಾವಿದೆ. 1935ರಲ್ಲಿ ಟಿ.ಇ. ಲಾರೆನ್ಸ್ ಇಂಗ್ಲೆಂಡಿನಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು ಕೆಲವು ದಿನಗಳಲ್ಲಿ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಮುಂದೆ ಸವಾರರ ತಲೆಗಾಯಗಳನ್ನು ಅಭ್ಯಸಿಸಿ, 1941ರಲ್ಲಿ ಶಿರಸ್ತ್ರಾಣದ ಅಗತ್ಯವನ್ನು ಕುರಿತು ಬರೆದರು. ನಮ್ಮಲ್ಲಿ ಐ.ಎಸ್. 4151ರ ಐ.ಎಸ್.ಐ. ಮುದ್ರೆಯಿಲ್ಲದ ಹೆಲ್ಮೆಟ್ ಮಾರುವುದು 2021ರ ಜೂನ್ 1ರಿಂದ ನಿಷಿದ್ಧ. ಹಿಂದೆ ಕುಳಿತವರಿಗೂ ಹೆಲ್ಮೆಟ್ ಬೇಕೆಂದು ಕರ್ನಾಟಕ ಸರ್ಕಾರ 2016ರ ಜನವರಿಯಲ್ಲಿಯೇ ವಿಧಿಸಿತು. ಹೆಂಗಸರ ತೊಡಕು ಕೂದಲಿನದು. ತುರುಬಿನ ಮೇಲೆ ಹೆಲ್ಮೆಟ್ ಕೂರದು. ತುರುಬಿಗೆ ಜಾಗ ಮಾಡಲೆಂದು ದೊಡ್ಡದನ್ನು ಕೊಂಡರೆ ಬಿದ್ದಾಗ ಅದು ಕಳಚಿಕೊಂಡೀತು. ಕತ್ತಿನ ಬಳಿ ತಗ್ಗಿನಲ್ಲಿ ಜಡೆ ಹೆಣೆದು ಜಾಕೆಟಿನೊಳಗೆ ಬಿಡುವುದೇ ದಾರಿ. ಮಲ್ಲಿಗೆ ಊರು ಸೇರಿದ ಮೇಲೆ ಮುಡಿಯಬಹುದು.

ಸೆರಗನ್ನೂ ದುಪಟ್ಟಾವನ್ನೂ ಮರೆಯಬಾರದು. ಹಿಂಬದಿಯ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಅಂದಕ್ಕೆಂದು ಅದನ್ನು ಬಿಚ್ಚಿಸುವ ಹುಡುಗರ ಗಾಡಿಯಲ್ಲಿ ನಾನು ಕೂರುವುದಿಲ್ಲ.

ಜೋಪಾನದ ಮಾತು ನಮ್ಮ ಮಲೆನಾಡಿನಲ್ಲಿ ಬೇರೆಯೇ. ಜುಲೈ ತಿಂಗಳಲ್ಲಿ ಚರ್ಮದ ಜಾಕೆಟನ್ನು ಕಪಾಟಿನಲ್ಲಿ ಎಂಟು ದಿನ ಮರೆತರೆ ಬಿಳಿಯ ಬೂಷ್ಟು ಹಿಡಿಯುತ್ತದೆ. ಅವಸರಕ್ಕೆ ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿದರೆ ಚರ್ಮ ಹಪ್ಪಳವಾಗಿ ಬಿರಿಯುತ್ತದೆ. ನಾನು ಒಂದು ಜೊತೆ ಕೈಗವಸನ್ನು ಹಾಗೆಯೇ ಕಳೆದುಕೊಂಡೆ. ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಆರಿಸಿ, ಆಮೇಲೆ ಚರ್ಮದ ಎಣ್ಣೆ ಸವರಬೇಕು. ಬಟ್ಟೆಯ ಜಾಕೆಟಾದರೆ ಪ್ಯಾಡುಗಳನ್ನೆಲ್ಲ ತೆಗೆದು, ತಣ್ಣೀರಿನಲ್ಲಿ ಸೌಮ್ಯವಾದ ಸೋಪಿನಿಂದ ಕೈಯಲ್ಲೇ ಒಗೆಯುವುದು. ಹೆಲ್ಮೆಟನ್ನು ಗಾಡಿಯ ಕನ್ನಡಿಗೆ ನೇತುಹಾಕಿದರೆ ಒಳಗಿನ ಥರ್ಮೋಕೋಲ್ ಕುಳಿಬೀಳುತ್ತದೆ. ಪೆಟ್ರೋಲಿನಿಂದ ಒರೆಸಿದರೆ ಕರಗುತ್ತದೆ. ಆ ಥರ್ಮೋಕೋಲ್ ನಜ್ಜುಗುಜ್ಜಾಗಿಯೇ ತಲೆಯನ್ನು ಉಳಿಸುವುದು. ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್, ಹೊರಗೆ ಬಿರುಕು ಕಾಣದಿದ್ದರೂ, ಮುಗಿದಂತೆಯೇ.

ಹೋದ ತಿಂಗಳು ಅಣ್ಣನ ಮಗಳು ಬಂದಿದ್ದಳು. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಗಾಡಿಯನ್ನೂ ಕೊಂಡಿದ್ದಾಳೆ. "ಅತ್ತೆ, ನಿನ್ನ ಜಾಕೆಟ್ ಕೊಡು, ಸಾಕು" ಎಂದಳು. ಹೊಸದಕ್ಕೆ ಆಗುವ ಹಣದಲ್ಲಿ ಒಂದು ರೇಷ್ಮೆ ಸೀರೆ ಬರುತ್ತದೆಂದು ಅಣ್ಣನ ಲೆಕ್ಕ. ಅವಳು ನನಗಿಂತ ಒಂದು ಗೇಣು ಎತ್ತರ. ತೊಡಿಸಿ ಕೈ ಚಾಚಿಸಿದೆ. ತೋಳು ಅರ್ಧ ಮುಂಗೈಗೆ ಬಂದು ನಿಂತಿತು. ಅಣ್ಣನನ್ನು ಕರೆದು ಅದನ್ನು ತೋರಿಸಿದೆ, ಪಕ್ಕದಲ್ಲಿ ನನ್ನ ಮೊಣಕೈಯನ್ನೂ ತೋರಿಸಿದೆ. ಅವನು ಸೀರೆಯ ಮಾತನ್ನು ಮತ್ತೆ ಎತ್ತಲಿಲ್ಲ. ಬರುವ ಭಾನುವಾರ ಮೂವರೂ ಶಿವಮೊಗ್ಗಕ್ಕೆ ಹೋಗುವವರಿದ್ದೇವೆ.